ರಕ್ತಾರೋಪದ ಐತಿಹ್ಯ ಮತ್ತು ಪ್ರಭುತ್ವದ ದಾಖಲೆ: ಮಧ್ಯಯುಗದ ಯೂರೋಪಿನ ಯೆಹೂದ್ಯ ದಮನವನ್ನು ಕುರಿತ ಜಾನಪದೀಯ ವಿಮರ್ಶೆ

ಐತಿಹ್ಯವನ್ನು ವ್ಯಾಖ್ಯಾನಿಸುವಾಗ ಜಾನಪದ ಅಧ್ಯಯನವು 'ನಡೆದದ್ದೆಂದು ನಂಬಲಾದ ಕಥನ' ಎಂಬ ಮಾತನ್ನು ಬಳಸುತ್ತ ಬಂದಿದೆ. ಅಜ್ಜಿಕತೆಯನ್ನು ಕೇಳುವವರಿಗೆ ಅದು ಕತೆಯೆಂಬ ಅರಿವಿರುತ್ತದೆ. ಐತಿಹ್ಯಕ್ಕಾದರೋ ಊರಿದೆ, ವರ್ಷವಿದೆ, ಬೆರಳಿಟ್ಟು ತೋರಿಸಲು ಒಂದು ಕಲ್ಲೋ ಬಾವಿಯೋ ಇದೆ. ವರ್ಗೀಕರಣದ ಮಟ್ಟಿಗೆ ಈ ವ್ಯಾಖ್ಯೆ ಸಾಕು. ಆದರೆ ಒಂದು ಐತಿಹ್ಯವನ್ನು ನಿಜವೆಂದು ಹಿಡಿದು ಜೀವಂತ ಮನುಷ್ಯರನ್ನು ಸುಟ್ಟ ಚರಿತ್ರೆ ಎದುರಾದಾಗ 'ನಂಬಲಾದ' ಎಂಬ ಆ ಕರ್ಮಣಿ ಪ್ರಯೋಗ ಸಾಲದಾಗುತ್ತದೆ. ನಂಬಿದವರು ಯಾರು, ನಂಬಿಸಿದವರು ಯಾರು, ಆ ನಂಬಿಕೆಗೆ ದಿನಾಂಕ ಹಾಕಿ ಮೊಹರು ಒತ್ತಿದವರು ಯಾರು ಎಂಬ ಪ್ರಶ್ನೆಗಳನ್ನು ಆ ಪ್ರಯೋಗ ಮರೆಮಾಚಿಬಿಡುತ್ತದೆ. ಹನ್ನೆರಡನೆಯ ಶತಮಾನದಿಂದ ಹದಿನೈದನೆಯ ಶತಮಾನದ ಕೊನೆಯವರೆಗೆ ಯೂರೋಪಿನ ಕ್ರೈಸ್ತ ಪ್ರಭುಗಳ ಆಳ್ವಿಕೆಯಲ್ಲಿ ಯೆಹೂದ್ಯರ ಮೇಲೆ ಹೊರಿಸಲಾದ ರಕ್ತಾರೋಪವು ಇಂತಹ ಐತಿಹ್ಯಗಳಲ್ಲಿ ಮುಖ್ಯವಾದುದು.

ಐತಿಹ್ಯದ ಒಡಲು ಸರಳವಾಗಿದೆ. ಈಸ್ಟರ್‌ನ ಆಸುಪಾಸಿನಲ್ಲಿ ಕ್ರೈಸ್ತ ಬಾಲಕನೊಬ್ಬ ಕಾಣೆಯಾಗುತ್ತಾನೆ. ಅವನ ಶವ ನೀರಿನಲ್ಲೋ ಕಾಡಿನಲ್ಲೋ ಸಿಗುತ್ತದೆ. ಯೆಹೂದ್ಯರು ಕ್ರಿಸ್ತನನ್ನು ಅಣಕಿಸಲೆಂದು ಅವನನ್ನು ಹಿಂಸಿಸಿ ಕೊಂದರೆಂದೂ, ಪಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿಗೆ ಅವನ ರಕ್ತವನ್ನು ಬೆರೆಸಿದರೆಂದೂ ಸುದ್ದಿ ಹರಡುತ್ತದೆ. ಶವದ ಬಳಿ ಪವಾಡಗಳು ನಡೆಯುತ್ತವೆ, ಬಾಲಕ ಸಂತನಾಗುತ್ತಾನೆ. ಈ ಕಥನದಲ್ಲಿ ಸತ್ಯಾಂಶವಿದೆಯೆಂದು ತೋರಿಸುವ ಆಧಾರ ಒಂದೇ ಒಂದು ಪ್ರಕರಣದಲ್ಲಿಯೂ ದೊರೆತಿಲ್ಲ.

ಜಾನಪದ ವಿದ್ವತ್ತಿನ ಪರಿಕರಗಳು ಈ ಕಥನವನ್ನು ಹೇಗೆ ದಾಖಲಿಸಿವೆ ಎಂಬುದನ್ನು ಮೊದಲು ಪರಿಶೀಲಿಸಬೇಕು. ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯಲ್ಲಿ ಇದಕ್ಕೆ ವಿ361 ಎಂಬ ಸಂಖ್ಯೆಯಿದೆ. ಯೆಹೂದ್ಯ ವಿಧಿಗೆ ರಕ್ತ ಒದಗಿಸಲು ಕ್ರೈಸ್ತ ಮಗುವಿನ ಕೊಲೆ ಎಂಬುದು ಅಲ್ಲಿನ ವಿವರಣೆಯ ಸಾರ. ಧರ್ಮವನ್ನು ಕುರಿತ ಅಧ್ಯಾಯದಲ್ಲಿ, ನೂರಾರು ನಿರುಪದ್ರವಿ ಆಶಯಗಳ ನಡುವೆ ಅದು ಕುಳಿತಿದೆ. ಸೂಚಿಯ ಕ್ರಮವೇ ಅಂಥದು: ಹಕ್ಕಿ ಮಾತನಾಡಿತೆಂದರೆ 'ಮಾತನಾಡುವ ಹಕ್ಕಿ' ಎಂದಷ್ಟೇ ಬರೆದುಕೊಳ್ಳುತ್ತದೆ, ನಿಜವೇ ಸುಳ್ಳೇ ಎಂದು ಕೇಳುವುದಿಲ್ಲ. ಹಕ್ಕಿಯ ವಿಷಯದಲ್ಲಿ ಈ ತಾಟಸ್ಥ್ಯ ವಿವೇಕವಾದುದು. ಇಲ್ಲಿ ಮಾತ್ರ ಆಪಾದನೆಯೊಂದು ಕೃತ್ಯದ ರೂಪದಲ್ಲಿ ನಮೂದಾಗುತ್ತದೆ. ಕೊಲೆಗಾರರೆಂದು ಕರೆಸಿಕೊಂಡವರೇ ಕೊಲೆಯಾದವರು ಎಂಬ ಸಂಗತಿಗೆ ಸೂಚಿಯಲ್ಲಿ ಸ್ಥಳವಿಲ್ಲ.

ಗ್ರಿಮ್ ಸಹೋದರರ ವಿಷಯ ಇನ್ನೂ ಜಟಿಲವಾದುದು. 1816ರಲ್ಲಿ ಪ್ರಕಟವಾದ ಅವರ ಜರ್ಮನ್ ಐತಿಹ್ಯಗಳ ಸಂಕಲನದಲ್ಲಿ ಟಿರೋಲ್ ಪ್ರದೇಶದ ರಿನ್ ಎಂಬ ಹಳ್ಳಿಯ 'ಯೂಡನ್‌ಸ್ಟೈನ್' ಅಂದರೆ 'ಯೆಹೂದ್ಯರ ಕಲ್ಲು' ಎಂಬ ಐತಿಹ್ಯವಿದೆ. 1462ರಲ್ಲಿ ಆಂಡ್ರಿಯಾಸ್ ಎಂಬ ಮಗುವನ್ನು ಯೆಹೂದ್ಯ ವ್ಯಾಪಾರಿಗಳು ಆ ಕಲ್ಲಿನ ಮೇಲೆ ಕೊಂದರೆಂಬುದು ಅದರ ವಸ್ತು. ಜನರ ಬಾಯಿಂದ ಬಂದ ಪ್ರಾಚೀನ ಸ್ಮೃತಿಯೆಂಬಂತೆ ಅದು ಸಂಕಲನದಲ್ಲಿ ಕಾಣಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಅದಕ್ಕೆ ಕರ್ತೃವಿದ್ದಾನೆ. ಟ್ರೆಂಟ್ ನಗರದಲ್ಲಿ ಹುಟ್ಟಿ, ಟಿರೋಲಿನ ಹಾಲ್ ಪಟ್ಟಣದಲ್ಲಿ ವೈದ್ಯನಾಗಿದ್ದ ಇಪ್ಪೊಲಿಟೊ ಗ್ವಾರಿನೋನಿ ಹದಿನೇಳನೆಯ ಶತಮಾನದಲ್ಲಿ ಈ ಕತೆಯನ್ನು ಕಟ್ಟಿ, 1642ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಘಟನೆ ನಡೆಯಿತೆನ್ನಲಾದ ಕಾಲಕ್ಕೂ ಈ ಪುಸ್ತಕಕ್ಕೂ ನಡುವೆ ಸರಿಯಾಗಿ 180 ವರ್ಷಗಳ ಅಂತರವಿದೆ. 1462ರ ದಿನಾಂಕವನ್ನೂ ನಿಶ್ಚಯಿಸಿದವನು ಆತನೇ. ಹುಟ್ಟೂರಿನಲ್ಲಿ ಕೇಳಿ ಬೆಳೆದ ಬಾಲಸಂತನ ಕತೆಯನ್ನು ಆತ ತಾನು ನೆಲೆಸಿದ ಊರಿಗೆ ನಾಟಿ ಮಾಡಿದ. ಎರಡು ಶತಮಾನಗಳೊಳಗೆ ಅದು 'ಜನಪದ'ವಾಯಿತು. ಬರಹದಿಂದ ಬಾಯಿಗೆ ಇಳಿದ ಕಥನವನ್ನು ಬಾಯಿಂದ ಬರಹಕ್ಕೆ ಏರಿದ್ದೆಂದು ತಿಳಿಯುವುದು ಸಂಗ್ರಾಹಕರು ಎಲ್ಲೆಡೆ ಎದುರಿಸುವ ತೊಡಕು. ಈ ಪ್ರಕರಣದಲ್ಲಿ ಅದರ ಬೆಲೆ ಬಹಳ ಹೆಚ್ಚಾಯಿತು ಎಂಬುದಷ್ಟೇ ವ್ಯತ್ಯಾಸ.

ಈ ವಸ್ತುವನ್ನು ಜಾನಪದಶಾಸ್ತ್ರದ ಒಳಗಿನಿಂದಲೇ ನೇರವಾಗಿ ಎದುರಿಸಿದ ವಿದ್ವಾಂಸರಲ್ಲಿ ಅಲನ್ ಡಂಡೆಸ್ ಪ್ರಮುಖರು. ಭಾರತದ ಕಾಗಕ್ಕ ಗುಬ್ಬಕ್ಕನ ಕತೆಗಳನ್ನು ಆಧರಿಸಿ ಜಾತಿ ಮತ್ತು ಅಸ್ಪೃಶ್ಯತೆಗಳ ಕುರಿತು 1997ರಲ್ಲಿ ಅವರು ಬರೆದ ಪುಸ್ತಕದಿಂದಾಗಿ ಕನ್ನಡದ ಸಂಶೋಧಕರಿಗೂ ಅವರ ಹೆಸರು ಅಪರಿಚಿತವಲ್ಲ. ರಕ್ತಾರೋಪದ ಐತಿಹ್ಯವನ್ನು ಕುರಿತು 1991ರಲ್ಲಿ ಅವರು ಸಂಪಾದಿಸಿದ ಸಂಪುಟದಲ್ಲಿ ಅವರದೇ ಒಂದು ದೀರ್ಘ ಪ್ರಬಂಧವಿದೆ. ಅಲ್ಲಿ ಅವರು 'ಪ್ರಕ್ಷೇಪಿತ ವಿಪರ್ಯಯ' ಎನ್ನಬಹುದಾದ ಪರಿಕಲ್ಪನೆಯನ್ನು ಮುಂದಿಡುತ್ತಾರೆ. ತಾನು ಮಾಡುವುದನ್ನು, ಅಥವಾ ಮಾಡಬಯಸುವುದನ್ನು, ಎದುರಿನವನು ತನಗೆ ಮಾಡುತ್ತಿದ್ದಾನೆ ಎಂದು ತಿರುವುಮುರುವಾಗಿ ಆರೋಪಿಸುವ ಮನೋವ್ಯಾಪಾರವೇ ಅದು. ಪರಮಪ್ರಸಾದದ ವಿಧಿಯಲ್ಲಿ ರಕ್ಷಕನ ಶರೀರವನ್ನೂ ರಕ್ತವನ್ನೂ ಸೇವಿಸುವವರು ಕ್ರೈಸ್ತರು. ಆ ಸೇವನೆಯ ಒಳಗಿರುವ ಅಪರಾಧಭಾವವನ್ನು ಅವರು ಯೆಹೂದ್ಯರ ಮೇಲೆ ಹೊರಿಸಿ, ಮಗುವಿನ ರಕ್ತ ಸೇವಿಸುವವರು ಅವರೇ ಎಂದು ಕತೆ ಕಟ್ಟಿದರು ಎಂಬುದು ಡಂಡೆಸ್ ಅವರ ವಾದ.

ಈ ವಾದಕ್ಕೆ ಸಣ್ಣ ಬಲವೇನೂ ಇಲ್ಲದಿಲ್ಲ. ರೊಟ್ಟಿ ಮತ್ತು ದ್ರಾಕ್ಷಾರಸಗಳು ಕ್ರಿಸ್ತನ ಶರೀರ ಮತ್ತು ರಕ್ತಗಳಾಗಿಯೇ ಮಾರ್ಪಡುತ್ತವೆ ಎಂಬ ಸಿದ್ಧಾಂತವನ್ನು ನಾಲ್ಕನೆಯ ಲ್ಯಾಟರನ್ ಧರ್ಮಸಭೆ 1215ರಲ್ಲಿ ಅಧಿಕೃತವಾಗಿ ಸಾರಿತು. ಯೆಹೂದ್ಯರು ರಕ್ತಕ್ಕಾಗಿ ಕೊಲ್ಲುತ್ತಾರೆಂಬ ಮಾತು ಕೇಳಿಬಂದದ್ದು ಅದಾದ 20 ವರ್ಷಗಳ ಮೇಲೆ, 1235ರಲ್ಲಿ, ಜರ್ಮನಿಯ ಫುಲ್ಡಾದಲ್ಲಿ. ಯೆಹೂದ್ಯರ ಧರ್ಮಶಾಸ್ತ್ರವು ಪ್ರಾಣಿಯ ರಕ್ತವನ್ನು ತಿನ್ನುವುದನ್ನೂ ನಿಷೇಧಿಸುತ್ತದೆ. ಅವರ ಅಡುಗೆಮನೆಗಳಲ್ಲಿ ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಹಚ್ಚಿ, ರಕ್ತ ಬಸಿದು ಹೋದ ಮೇಲೆಯೇ ಬೇಯಿಸುವ ಪದ್ಧತಿಯಿದೆ. ಆಪಾದಿತರ ನಿತ್ಯದ ಬದುಕಿಗೆ ಇಷ್ಟು ವಿರುದ್ಧವಾದ ಆಪಾದನೆಯ ಮೂಲವನ್ನು ಆಪಾದಿಸಿದವರ ಮನಸ್ಸಿನಲ್ಲಿ ಹುಡುಕಬೇಕೆಂಬುದು ನ್ಯಾಯವೇ.

ಆದರೆ ಡಂಡೆಸ್ ಅವರ ವಿವರಣೆ ಕತೆಯ ಆಕಾರವನ್ನು ಬಿಡಿಸುತ್ತದೆಯೇ ಹೊರತು ಅದರ ನಡೆಯನ್ನಲ್ಲ. ಪರಮಪ್ರಸಾದ ಯೂರೋಪಿನ ಪ್ರತಿ ಊರಿನಲ್ಲಿಯೂ ಪ್ರತಿ ವಾರವೂ ನಡೆಯುತ್ತಿತ್ತು. ಅಪರಾಧಭಾವವಿದ್ದರೆ ಅದೂ ಎಲ್ಲೆಡೆ ಇದ್ದಿರಬೇಕು. ಹಾಗಿದ್ದರೆ ಈ ಐತಿಹ್ಯ ಒಂದು ಊರಿನಲ್ಲಿ ಗಾಳಿಮಾತಾಗಿಯೇ ಉಳಿದು, ಇನ್ನೊಂದರಲ್ಲಿ ಚಿತೆಯಾಗಿ, ಮತ್ತೊಂದರಲ್ಲಿ ತೀರ್ಥಕ್ಷೇತ್ರವಾದುದು ಏಕೆ? ಈ ಪ್ರಶ್ನೆಗೆ ಉತ್ತರ ಮನಶ್ಶಾಸ್ತ್ರದಲ್ಲಿ ದೊರೆಯಲಾರದು. ಡಂಡೆಸ್ ಅವರ ಸಂಪುಟದಲ್ಲಿಯೇ ಸೇರಿರುವ ಗೇವಿನ್ ಲಾಂಗ್‌ಮುಯಿರ್ ಅವರ ಲೇಖನ ಬೇರೊಂದು ದಾರಿಯನ್ನು ತೋರಿಸುತ್ತದೆ.

1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ವಿಲಿಯಂ ಎಂಬ ಹುಡುಗನ ಶವ ಕಾಡಿನಲ್ಲಿ ಸಿಕ್ಕಿತು. ಯೆಹೂದ್ಯರ ಮೇಲೆ ಅನುಮಾನ ಎದ್ದಿತು. ರಾಜನ ಪರವಾಗಿ ಅಲ್ಲಿದ್ದ ಶೆರಿಫ್ ಅವರನ್ನು ಕೋಟೆಯೊಳಗೆ ಇರಿಸಿ ಕಾಪಾಡಿದ. ಆ ಆಪಾದನೆಯ ಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ. ಕತೆ ಅಲ್ಲಿಗೇ ಆರಿಹೋಗಬಹುದಿತ್ತು. ಕೆಲವು ವರ್ಷಗಳ ಅನಂತರ ಆ ಊರಿಗೆ ಬಂದ ಥಾಮಸ್ ಆಫ್ ಮಾನ್‌ಮತ್ ಎಂಬ ಸನ್ಯಾಸಿ ಸಾಕ್ಷ್ಯಗಳನ್ನು ಕಲೆಹಾಕಿ, ಶಿಲುಬೆಗೇರಿಸಿದ ಕಥನವನ್ನು ಕಟ್ಟಿ, ಲ್ಯಾಟಿನ್ನಿನಲ್ಲಿ ಗ್ರಂಥ ಬರೆದ. ಲಾಂಗ್‌ಮುಯಿರ್ ಅವರು ಈ ಸನ್ಯಾಸಿಯನ್ನೇ ಐತಿಹ್ಯದ ನಿರ್ಮಾತೃವೆಂದು ಗುರುತಿಸುತ್ತಾರೆ. ಇದರಲ್ಲಿ ರಕ್ತದ ಮಾತಿಲ್ಲ ಎಂಬುದನ್ನೂ, ಶಿಲುಬೆಯ ಆಪಾದನೆ ಮತ್ತು ರಕ್ತದ ಆಪಾದನೆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದನ್ನೂ ಒತ್ತಿ ಹೇಳಿದವರು ಅವರೇ.

ಫುಲ್ಡಾದ ಪ್ರಕರಣ ಪ್ರಭುತ್ವದ ಸಂದಿಗ್ಧವನ್ನು ಸ್ಪಷ್ಟವಾಗಿ ತೋರುತ್ತದೆ. 1235ರ ಕ್ರಿಸ್‌ಮಸ್ ದಿನ ಗಿರಣಿಯವನೂ ಅವನ ಹೆಂಡತಿಯೂ ಚರ್ಚಿಗೆ ಹೋಗಿದ್ದಾಗ ಮನೆಗೆ ಬೆಂಕಿ ಬಿದ್ದು ಅವರ ಐವರು ಗಂಡುಮಕ್ಕಳು ಸತ್ತರು. ಮೂರು ದಿನಗಳಲ್ಲಿ ಊರಿನ 34 ಯೆಹೂದ್ಯರನ್ನು ಕೊಲ್ಲಲಾಯಿತು. ಮಕ್ಕಳ ಶವಗಳನ್ನು ಸಾಕ್ಷ್ಯವಾಗಿ ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನ ಮುಂದೆ ತರಲಾಯಿತು. ಆತ ಯೂರೋಪಿನ ಬೇರೆಬೇರೆ ರಾಜರಿಂದ, ಯೆಹೂದ್ಯ ಧರ್ಮದಿಂದ ಕ್ರೈಸ್ತರಾಗಿ ಮತಾಂತರಗೊಂಡಿದ್ದ ಪಂಡಿತರನ್ನು ಕರೆಸಿ ವಿಚಾರಣೆ ನಡೆಸಿದ. ಯೆಹೂದ್ಯ ಗ್ರಂಥಗಳು ರಕ್ತವನ್ನು ನಿಷೇಧಿಸುತ್ತವೆಂದು ಅವರು ತಿಳಿಸಿದರು. 1236ರಲ್ಲಿ ಚಕ್ರವರ್ತಿ ಯೆಹೂದ್ಯರನ್ನು ನಿರಪರಾಧಿಗಳೆಂದು ಘೋಷಿಸಿದ. ಅದೇ ಶಾಸನದಲ್ಲಿ ಅವರನ್ನು ಅರಮನೆಯ ಬೊಕ್ಕಸದ ಊಳಿಗದವರು ಎಂದೂ ಕರೆದ. ಆರೋಪದಿಂದ ಬಿಡುಗಡೆ ಮಾಡಿದ ಪತ್ರವೇ ಅವರನ್ನು ರಾಜನ ಸೊತ್ತನ್ನಾಗಿಸಿತು. ಸೊತ್ತನ್ನು ಕಾಪಾಡಬಹುದು, ಒತ್ತೆಯಿಡಬಹುದು, ಬೇಕಾದಾಗ ಕರಗಿಸಿಕೊಳ್ಳಲೂಬಹುದು. ನಾಲ್ಕನೆಯ ಇನೊಸೆಂಟ್ ಸೇರಿದಂತೆ ಹಲವು ಪೋಪರು 1247ರಿಂದ ಮೊದಲುಗೊಂಡು ರಕ್ತಾರೋಪವನ್ನು ಪತ್ರಮುಖೇನ ಅಲ್ಲಗಳೆದರೂ ಸ್ಥಳೀಯ ಪ್ರಭುಗಳ ಲೆಕ್ಕಾಚಾರದ ಎದುರು ಆ ಪತ್ರಗಳು ಬಹಳ ಸಲ ನಿಷ್ಫಲವಾದವು.

ಇಂಗ್ಲೆಂಡಿನ ಲಿಂಕನ್‌ನಲ್ಲಿ 1255ರಲ್ಲಿ ನಡೆದದ್ದು ಈ ಲೆಕ್ಕಾಚಾರಕ್ಕೆ ನಿದರ್ಶನ. ಹ್ಯೂ ಎಂಬ ಬಾಲಕನ ಶವ ಬಾವಿಯಲ್ಲಿ ದೊರೆತಾಗ, ರಾಜನ ಆಪ್ತ ಅಧಿಕಾರಿ ಜಾನ್ ಆಫ್ ಲೆಕ್ಸಿಂಗ್ಟನ್, ಜೀವದಾನದ ಭರವಸೆ ಕೊಟ್ಟು ಕೋಪಿನ್ ಎಂಬ ಯೆಹೂದ್ಯನಿಂದ ತಪ್ಪೊಪ್ಪಿಗೆ ಪಡೆದ. ಅನಂತರ ಲಿಂಕನ್‌ಗೆ ಬಂದ ಮೂರನೆಯ ಹೆನ್ರಿ ಆ ಭರವಸೆಯನ್ನು ಮುರಿದು ಕೋಪಿನ್‌ನನ್ನು ಕೊಲ್ಲಿಸಿದ. ಸುಮಾರು 90 ಯೆಹೂದ್ಯರನ್ನು ಬಂಧಿಸಿ ಲಂಡನ್ನಿಗೆ ಒಯ್ಯಲಾಯಿತು. ಕ್ರೈಸ್ತರೇ ಇರುವ ಪಂಚಾಯತಿಯ ತೀರ್ಪಿಗೆ ಒಳಪಡಲು ಒಪ್ಪದ 18 ಜನರನ್ನು ಗಲ್ಲಿಗೇರಿಸಿ ಅವರ ಆಸ್ತಿಯನ್ನು ರಾಜ ವಶಪಡಿಸಿಕೊಂಡ. ಉಳಿದವರು ಪಾರಾದುದಕ್ಕೆ ರಾಜನ ತಮ್ಮ ರಿಚರ್ಡ್‌ನ ಮಧ್ಯಸ್ಥಿಕೆ ಒಂದು ಕಾರಣ. ಹೆನ್ರಿ ಅದೇ ವರ್ಷ ತನ್ನ ರಾಜ್ಯದ ಯೆಹೂದ್ಯರನ್ನು ಸಾಲಕ್ಕಾಗಿ ಈ ರಿಚರ್ಡ್‌ಗೆ ಒತ್ತೆಯಿಟ್ಟಿದ್ದ ಎಂಬುದನ್ನು ನೆನೆದರೆ ಮಧ್ಯಸ್ಥಿಕೆಯ ಅರ್ಥ ತಾನಾಗಿ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ರಾಜಾಜ್ಞೆಯಿಂದ ಯೆಹೂದ್ಯರಿಗೆ ಇಂತಹ ಆರೋಪದ ಮೇಲೆ ಮರಣದಂಡನೆಯಾದದ್ದು ಅದೇ ಮೊದಲು. 35 ವರ್ಷಗಳ ಬಳಿಕ, 1290ರಲ್ಲಿ, ಹೆನ್ರಿಯ ಮಗ ಮೊದಲನೆಯ ಎಡ್ವರ್ಡ್ ಅವರೆಲ್ಲರನ್ನೂ ದೇಶದಿಂದ ಹೊರಹಾಕಿದ.

ಲಿಂಕನ್ನಿನ ಹ್ಯೂ ಲಾವಣಿಯಾಗಿಯೂ ಬದುಕಿದ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರ ಸಂಕಲನದಲ್ಲಿ 155ನೆಯದಾಗಿರುವ ಈ ಲಾವಣಿ ಅಟ್ಲಾಂಟಿಕ್ ದಾಟಿ ಅಮೆರಿಕದ ಗಾಯಕರವರೆಗೂ ಹೋಯಿತು. ಇಲ್ಲಿ ಜಾನಪದ ವಿದ್ಯಾರ್ಥಿ ಗಮನಿಸಬೇಕಾದ ಒಂದು ಸಂಗತಿಯಿದೆ. ಲಾವಣಿಯಲ್ಲಿ ಹುಡುಗನನ್ನು ಒಳಗೆ ಕರೆದು ಕೊಲ್ಲುವವಳು 'ಯೆಹೂದ್ಯನ ಮಗಳು'. ಹಾಡುಗಾರರ ಬಾಯಲ್ಲಿ ಸುತ್ತುತ್ತ ಹೋದಂತೆ ಹಲವು ಪಾಠಾಂತರಗಳಲ್ಲಿ ಅವಳು ಡ್ಯೂಕನ ಮಗಳಾಗುತ್ತಾಳೆ, ಆಭರಣ ವ್ಯಾಪಾರಿಯ ಮಗಳಾಗುತ್ತಾಳೆ, ಜಿಪ್ಸಿ ಹೆಂಗಸಾಗುತ್ತಾಳೆ. ಹಸಿರು ಸೇಬು ಮತ್ತು ಚೆಂಡಾಟ ಉಳಿಯುತ್ತವೆ, ಕುಲದ ಗುರುತು ಸವೆಯುತ್ತದೆ. ಎಲ್ಲ ಪಾಠಗಳಲ್ಲಿ ಹಾಗಾಗಿಲ್ಲ ನಿಜ. ಮೌಖಿಕತೆಗೆ ತಾನೇ ತಾನಾಗಿ ಔದಾರ್ಯವಿದೆಯೆಂದು ಹೇಳುವಂತಿಲ್ಲ. ಆದರೆ ಇಂತಹ ಸವೆತ ಮೊಹರು ಹಾಕಿದ ವಿಚಾರಣಾ ಪತ್ರದಲ್ಲಿ ಸಾಧ್ಯವಿಲ್ಲ ಎಂಬುದಂತೂ ಖಚಿತ.

1348ರಲ್ಲಿ ಪ್ಲೇಗು ಯೂರೋಪಿನಲ್ಲಿ ಹರಡಿದಾಗ ಐತಿಹ್ಯದ ವಸ್ತು ರಕ್ತದಿಂದ ವಿಷಕ್ಕೆ ಬದಲಾಯಿತು. ಯೆಹೂದ್ಯರು ಬಾವಿಗಳಿಗೆ ವಿಷ ಹಾಕಿದರೆಂಬ ತಪ್ಪೊಪ್ಪಿಗೆಗಳನ್ನು ಸವಾಯ್ ಪ್ರಭುವಿನ ಅಧಿಕಾರಿಗಳು ಶಿಯೋನ್ ಕೋಟೆಯಲ್ಲಿ ಚಿತ್ರಹಿಂಸೆಯಿಂದ ಪಡೆದರು. ಆ ಪತ್ರಗಳ ಪ್ರತಿಗಳು ನಗರದಿಂದ ನಗರಕ್ಕೆ ಹೋದವು. ಯೆಹೂದ್ಯರೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಅವರಿಲ್ಲದ ಊರುಗಳಲ್ಲಿಯೂ ರೋಗವಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ ವಾದಿಸಿದ್ದು ವ್ಯರ್ಥವಾಯಿತು. ನ್ಯೂರೆಂಬರ್ಗ್‌ನಲ್ಲಿ ಯೆಹೂದ್ಯರ ಮನೆಗಳನ್ನು ಕೆಡವಿ ಸಂತೆಯ ಬಯಲು ಮಾಡಿಕೊಳ್ಳಲು ದೊರೆ ನಾಲ್ಕನೆಯ ಚಾರ್ಲ್ಸ್ 1349ರ ನವೆಂಬರಿನಲ್ಲಿ ಅನುಮತಿ ಕೊಟ್ಟ. ಹತ್ಯೆ ನಡೆದದ್ದು ಡಿಸೆಂಬರಿನಲ್ಲಿ. ಸಿನಗಾಗ್ ಇದ್ದ ಸ್ಥಳದಲ್ಲಿ ಮರಿಯಮ್ಮನ ಚರ್ಚು ಎದ್ದಿತು.

ಐತಿಹ್ಯವೊಂದು ದಾಖಲೆಯಾಗುವ ಬಗೆಯನ್ನು ಹಂತಹಂತವಾಗಿ ನೋಡಬಹುದಾದದ್ದು ಆಲ್ಪ್ಸ್ ತಪ್ಪಲಿನ ಟ್ರೆಂಟ್‌ನಲ್ಲಿ. ಈ ನಗರಕ್ಕೆ ಬಿಷಪ್ಪನೇ ಪ್ರಭುವೂ ಆಗಿದ್ದ. 1475ರಲ್ಲಿ ಆ ಸ್ಥಾನದಲ್ಲಿದ್ದವನು ಯೋಹಾನೆಸ್ ಹಿಂಡರ್‌ಬಾಕ್. ಮೂರು ಮನೆತನಗಳ ಸಣ್ಣ ಯೆಹೂದ್ಯ ಸಮುದಾಯ ಅಲ್ಲಿತ್ತು. ಲೇವಾದೇವಿಯ ಸಾಮುಯೆಲ್, ವೈದ್ಯ ತೋಬಿಯಾಸ್ ಮತ್ತು ಎಂಗೆಲ್ ಅವುಗಳ ಯಜಮಾನರು. ಮಾರ್ಚ್ 23ರ ಪವಿತ್ರ ಗುರುವಾರದಂದು ಚರ್ಮ ಹದಮಾಡುವವನೊಬ್ಬನ ಎರಡೂವರೆ ವರ್ಷದ ಮಗು ಸಿಮೋನ್ ಕಾಣೆಯಾಯಿತು. ಮಾರ್ಚ್ 26ರಂದು, ಈಸ್ಟರ್ ದಿನ, ಸಾಮುಯೆಲ್‌ನ ಮನೆಯಡಿ ಹರಿಯುವ ಕಾಲುವೆಯಲ್ಲಿ ಶವ ಕಂಡದ್ದು ಆ ಮನೆಯವರಿಗೇ. ಅಧಿಕಾರಿಗಳಿಗೆ ತಿಳಿಸಿದವರೂ ಅವರೇ. ಅಂದೇ ಬಂಧನ ಆರಂಭವಾಯಿತು.

ವಿಚಾರಣೆಯ ವಿಧಾನ ಹೀಗಿತ್ತು: ಆಪಾದಿತನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲಕ್ಕೆಳೆದು, ಸಡಿಲಿಸಿ ಬೀಳಿಸುವುದು, ನಡುನಡುವೆ ಪ್ರಶ್ನೆ, ಗುಮಾಸ್ತನ ಬರವಣಿಗೆ. ಆರ್. ಪೋ-ಚಿಯಾ ಶಿಯಾ ಅವರು 1992ರ ತಮ್ಮ ಅಧ್ಯಯನದಲ್ಲಿ ಈ ಬರವಣಿಗೆಯನ್ನು ಸಾಲುಸಾಲಾಗಿ ಓದಿದ್ದಾರೆ. ಅದರಲ್ಲಿ ತೋರುವುದೇನೆಂದರೆ ಆಪಾದಿತರಿಗೆ ಕತೆ ಗೊತ್ತಿರಲಿಲ್ಲ. ಏನು ಹೇಳಬೇಕೆಂದು ಹೇಳಿಕೊಟ್ಟರೆ ಹೇಳುವೆನೆಂದು ಹಗ್ಗದಲ್ಲಿ ತೂಗುತ್ತ ಬೇಡಿದವನಿದ್ದಾನೆ. ಒಬ್ಬ ಹೇಳಿದ ವಿವರ ಇನ್ನೊಬ್ಬನಿಗೆ ಪ್ರಶ್ನೆಯಾಗಿ ಬರುತ್ತದೆ, ಹೇಳಿಕೆಗಳು ತಾಳೆಯಾಗುವವರೆಗೂ ಹಗ್ಗ ನಿಲ್ಲುವುದಿಲ್ಲ. ಜಾನಪದದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ವಕ್ತೃವಿನ ಸ್ಥಾನದಲ್ಲಿ ಕುಳಿತವನಿಗೆ ಕಥನ ಬಾರದು. ಕಥನ ಬಲ್ಲವನು ಸಂಗ್ರಾಹಕ. ವಿಚಾರಣಾಧಿಕಾರಿಯನ್ನು ಮಾನವಶಾಸ್ತ್ರಜ್ಞನಿಗೆ ಹೋಲಿಸಿದ ಕಾರ್ಲೊ ಗಿನ್ಸ್‌ಬರ್ಗ್ ಅವರ ಪ್ರಸಿದ್ಧ ಪ್ರಬಂಧವನ್ನು ಇಲ್ಲಿ ನೆನೆಯಬಹುದು. ಅಧಿಕಾರಿಯ ನಿರೀಕ್ಷೆಗೂ ಆಪಾದಿತನ ಉತ್ತರಕ್ಕೂ ನಡುವೆ ಬಿರುಕು ಉಳಿದಿರುವ ಕಡೆ ಬೇರೊಂದು ಲೋಕದ ದನಿ ಕೇಳುತ್ತದೆ ಎಂಬುದು ಅವರ ನಿಲುವು. ಟ್ರೆಂಟ್‌ನಲ್ಲಿ ಆ ಬಿರುಕನ್ನು ಮುಚ್ಚುವುದೇ ವಿಚಾರಣೆಯ ಗುರಿಯಾಗಿತ್ತು.

ಟಿರೋಲಿನ ಆರ್ಚ್‌ಡ್ಯೂಕ್ ಸಿಗಿಸ್ಮಂಡ್‌ನ ಆಜ್ಞೆಯಿಂದ ಏಪ್ರಿಲಿನಲ್ಲಿ ನಿಂತ ವಿಚಾರಣೆ ಜೂನ್‌ನಲ್ಲಿ ಮತ್ತೆ ಆರಂಭವಾಯಿತು. ಜೂನ್ ಮುಗಿಯುವುದರೊಳಗೆ ಸಾಮುಯೆಲ್ ಮೊದಲಾದವರ ಮರಣದಂಡನೆ ಮುಗಿದಿತ್ತು. ಉಳಿದವರ ಸರದಿ 1476ರ ಆರಂಭದಲ್ಲಿ ಬಂತು. ಸಾಮುಯೆಲ್‌ನ ಹೆಂಡತಿ ಬ್ರುನೆಟ್ಟಾ ಸೆರೆಯಲ್ಲಿಯೇ ತೀರಿಕೊಂಡಳು. ಈ ನಡುವೆ ಶವಪರೀಕ್ಷೆ ಮಾಡಿದ ವೈದ್ಯ ಜೊವಾನ್ನಿ ಮತ್ತಿಯಾ ಟಿಬೆರಿನೊ ಲ್ಯಾಟಿನ್ನಿನಲ್ಲಿ ಬರೆದ ವೃತ್ತಾಂತ ಹಲವು ಊರುಗಳಲ್ಲಿ ಅಚ್ಚಾಯಿತು. ಟ್ರೆಂಟ್ ನಗರದಲ್ಲಿ ಮುದ್ರಣಗೊಂಡ ಮೊತ್ತಮೊದಲ ಪುಸ್ತಕವೇ ಸಿಮೋನನ ಕತೆ. 1475ರ ಸೆಪ್ಟೆಂಬರಿನಲ್ಲಿ ಆಲ್ಬರ್ಟ್ ಕುನ್ನೆ ಅದನ್ನು ಜರ್ಮನ್ ಭಾಷೆಯಲ್ಲಿ ಚಿತ್ರಸಹಿತವಾಗಿ ಅಚ್ಚು ಹಾಕಿದ. ಹೊಸ ತಂತ್ರಜ್ಞಾನ ಊರಿಗೆ ಕಾಲಿಟ್ಟದ್ದು ಈ ಕೆಲಸದೊಂದಿಗೆ. 1493ರ ನ್ಯೂರೆಂಬರ್ಗ್ ವೃತ್ತಾಂತದ ಮರದಚ್ಚಿನ ಚಿತ್ರವು ಈ ದೃಶ್ಯವನ್ನು ಯೂರೋಪಿನ ಕಣ್ಣಿನಲ್ಲಿ ಕೂರಿಸಿಬಿಟ್ಟಿತು. ಮಗುವನ್ನು ಸುತ್ತುವರಿದು ನಿಂತವರ ತಲೆಯ ಬಳಿ ಅವರವರ ಹೆಸರುಗಳೂ ಅದರಲ್ಲಿವೆ. ಚಿತ್ರಹಿಂಸೆಯಿಂದ ಪಡೆದ ಪಟ್ಟಿ ಚಿತ್ರದ ಶೀರ್ಷಿಕೆಯಾಯಿತು.

ಪೋಪ್ ನಾಲ್ಕನೆಯ ಸಿಕ್ಸ್‌ಟಸ್ ಕಳುಹಿಸಿದ ವಿಚಾರಣಾಧಿಕಾರಿ, ವೆಂಟಿಮಿಲ್ಯಾದ ಬಿಷಪ್ ಬತ್ತಿಸ್ತಾ ದೇ ಜುದಿಚಿ, ಟ್ರೆಂಟ್‌ನಲ್ಲಿ ಅಡ್ಡಿಗಳನ್ನು ಎದುರಿಸಿ, ವೆನಿಸ್ ಆಡಳಿತದಲ್ಲಿದ್ದ ರೊವೆರೆತೊಗೆ ಹೋಗಿ ಕುಳಿತು ತನಿಖೆ ಮುಂದುವರಿಸಿದ. ಯೆಹೂದ್ಯರು ನಿರಪರಾಧಿಗಳೆಂದೂ ಪವಾಡಗಳು ಕಟ್ಟುಕತೆಗಳೆಂದೂ ಆತನಿಗೆ ಮನವರಿಕೆಯಾಗಿತ್ತು. ಆದರೂ 1478ರಲ್ಲಿ ರೋಮ್ ನೀಡಿದ ತೀರ್ಮಾನ ಎರಡು ದೋಣಿಯಲ್ಲಿ ಕಾಲಿಟ್ಟಂತಹುದು: ವಿಚಾರಣೆ ಕ್ರಮಬದ್ಧವಾಗಿ ನಡೆದಿದೆ, ಆದರೆ ಇದನ್ನು ನೆಪ ಮಾಡಿಕೊಂಡು ಯೆಹೂದ್ಯರನ್ನು ಹಿಂಸಿಸಕೂಡದು. ಎರಡನೆಯ ಮಾತನ್ನು ಕೇಳಿದವರು ಕಡಿಮೆ. ಮೊದಲನೆಯದು ಮುಂದಿನ ಶತಮಾನಗಳಿಗೆ ಪ್ರಮಾಣವಾಯಿತು. 1588ರಲ್ಲಿ ಐದನೆಯ ಸಿಕ್ಸ್‌ಟಸ್ ಸಿಮೋನನ ಆರಾಧನೆಗೆ ಅನುಮತಿಯನ್ನೂ ಕೊಟ್ಟ.

ಹಿಂಸೆಯಿಂದ ಹುಟ್ಟಿದ ದಾಖಲೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆ ಕೇವಲ ಹಳೆಯ ಕಾಲದ್ದಲ್ಲ. ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆರಿಯೆಲ್ ತೋಆಫ್ ಅವರು 2007ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದ ಪುಸ್ತಕವೊಂದು ಟ್ರೆಂಟ್‌ನ ಹೇಳಿಕೆಗಳ ಹಿಂದೆ ಕೆಲವು ಉಗ್ರಪಂಥೀಯರ ರಕ್ತಸಂಬಂಧಿ ಆಚರಣೆಗಳ ನೆರಳಿರಬಹುದೆಂಬ ಊಹೆಯನ್ನು ಮುಂದಿಟ್ಟಿತು. ತೀವ್ರ ಆಕ್ಷೇಪಗಳು ಬಂದಾಗ ಲೇಖಕರು ಪುಸ್ತಕವನ್ನು ಹಿಂತೆಗೆದುಕೊಂಡು 2008ರಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ವಿವಾದದ ಗದ್ದಲದಲ್ಲಿ ವಿಧಾನದ ದೋಷದ ಚರ್ಚೆ ಹಿಂದೆ ಸರಿಯಿತು. ತೋಆಫ್ ಅವರ ವಾದದ ತಿರುಳೆಂದರೆ, ತಪ್ಪೊಪ್ಪಿಗೆಗಳಲ್ಲಿ ಪಸ್ಕದ ಆಚರಣೆಯ ನೈಜ ವಿವರಗಳಿವೆ, ಹೀಬ್ರೂ ಮಾತುಗಳಿವೆ, ಕ್ರೈಸ್ತ ಅಧಿಕಾರಿಗಳಿಗೆ ಅವು ತಿಳಿದಿರಲು ಸಾಧ್ಯವಿಲ್ಲ ಎಂಬುದು. ವಿವರಗಳು ನೈಜವೆಂಬುದು ಸರಿ. ಪಸ್ಕದ ರಾತ್ರಿ ಈಜಿಪ್ಟಿನ ಹತ್ತು ಪಿಡುಗುಗಳ ಹೆಸರು ಹೇಳುವಾಗ ಒಂದೊಂದಕ್ಕೂ ಒಂದೊಂದು ಹನಿ ದ್ರಾಕ್ಷಾರಸವನ್ನು ಚೆಲ್ಲುವ ಪದ್ಧತಿ ಯೆಹೂದ್ಯ ಮನೆಗಳಲ್ಲಿ ಉಂಟು. ಹಗ್ಗದಲ್ಲಿ ತೂಗುತ್ತಿದ್ದವನು ತನಗೆ ಗೊತ್ತಿದ್ದ ಹಬ್ಬವನ್ನೇ ವರ್ಣಿಸಿದ. ದ್ರಾಕ್ಷಾರಸದ ಜಾಗಕ್ಕೆ ರಕ್ತ ಬರುವವರೆಗೂ ಪ್ರಶ್ನೆಗಳು ನಿಲ್ಲಲಿಲ್ಲ. ನೈಜ ಆಚರಣೆಯ ಎಳೆಗಳು ಐತಿಹ್ಯದಲ್ಲಿ ಸೇರಿಕೊಂಡಿರುವುದು ಐತಿಹ್ಯದ ರಚನಾಕ್ರಮಕ್ಕೆ ಸಾಕ್ಷಿಯೇ ಹೊರತು ಅದರ ವಸ್ತುವಿನ ಸತ್ಯಕ್ಕಲ್ಲ. ಕ್ಷೇತ್ರಕಾರ್ಯದ ಮೊದಲ ಪಾಠದಲ್ಲಿಯೇ ಬರುವ ಈ ವಿವೇಕ ದೊಡ್ಡ ಚರಿತ್ರಕಾರರೊಬ್ಬರಿಗೆ ಕೈಕೊಟ್ಟದ್ದು ಆಶ್ಚರ್ಯದ ಸಂಗತಿ.

ಸ್ಪೇನಿನ ಲಾ ಗ್ವಾರ್ಡಿಯಾ ಪ್ರಕರಣದಲ್ಲಿ ಶವವೂ ಇರಲಿಲ್ಲ, ಮಗು ಕಾಣೆಯಾಯಿತೆಂದು ದೂರು ಕೊಟ್ಟ ತಂದೆತಾಯಿಯೂ ಇರಲಿಲ್ಲ. ಮಹಾವಿಚಾರಕ ತೊರ್ಕೆಮಾದಾನ ಅಧೀನದ ಇನ್‌ಕ್ವಿಸಿಶನ್ ಕೇವಲ ತಪ್ಪೊಪ್ಪಿಗೆಗಳಿಂದ ಮಗುವೊಂದನ್ನು ಸೃಷ್ಟಿಸಿ, 1491ರ ನವೆಂಬರ್ 16ರಂದು ಆವಿಲದಲ್ಲಿ ಆಪಾದಿತರನ್ನು ಸುಡಿಸಿತು. ಫರ್ಡಿನೆಂಡ್ ಮತ್ತು ಇಸಬೆಲ್ಲಾ ಯೆಹೂದ್ಯರ ಉಚ್ಚಾಟನೆಯ ಆಜ್ಞೆಗೆ ಸಹಿ ಹಾಕಿದ್ದು 1492ರ ಮಾರ್ಚ್ 31ರಂದು. ಐತಿಹ್ಯಕ್ಕೆ ಜನಸಮುದಾಯದ ಬಾಯಿ ಬೇಕೇ ಬೇಕೆಂಬ ಪಾಠಪುಸ್ತಕದ ಗ್ರಹಿಕೆಯನ್ನು ಈ ಪ್ರಕರಣ ಬುಡಮೇಲು ಮಾಡುತ್ತದೆ: ಇಲ್ಲಿ ಕಚೇರಿಯೇ ಕಥನವನ್ನು ಹೇಳಿತು, ಜನರು ಆಮೇಲೆ ಕಲಿತರು.

ಮೊಹರಿನ ಬಲ ಇಪ್ಪತ್ತನೆಯ ಶತಮಾನಕ್ಕೂ ಸಾಗಿಬಂತು. 1934ರ ಮೇ ತಿಂಗಳಲ್ಲಿ ನಾಜಿ ಪತ್ರಿಕೆ 'ಡೆರ್ ಸ್ಟ್ಯುರ್ಮರ್' ರಕ್ತಾರೋಪಕ್ಕೇ ಮೀಸಲಾದ ವಿಶೇಷ ಸಂಚಿಕೆ ತಂದಾಗ ಅದು ಹೊಸ ಕತೆ ಕಟ್ಟಬೇಕಾಗಿ ಬರಲಿಲ್ಲ. ಹಳೆಯ ಪ್ರಕರಣಗಳ ಪಟ್ಟಿಯೂ ಚಿತ್ರಗಳೂ ಸಿದ್ಧವಾಗಿದ್ದವು. ಟ್ರೆಂಟ್‌ನ ಸಿಮೋನನ ಆರಾಧನೆಯನ್ನು ಚರ್ಚು ರದ್ದುಪಡಿಸಿದ್ದು 1965ರಲ್ಲಿ. ರಿನ್‌ನ ಆಂಡ್ರಿಯಾಸ್‌ನದನ್ನು ಬಿಷಪ್ ರೈನ್‌ಹೋಲ್ಡ್ ಸ್ಟೆಕರ್ ರದ್ದುಪಡಿಸಿದ್ದು 1994ರಲ್ಲಿ. ಆಮೇಲೆಯೂ 'ಯೆಹೂದ್ಯರ ಕಲ್ಲಿ'ಗೆ ಯಾತ್ರೆ ಬರುವವರು ಸಂಪೂರ್ಣ ನಿಲ್ಲಲಿಲ್ಲ. ಟ್ರೆಂಟ್‌ನ ಧರ್ಮಪ್ರಾಂತದ ವಸ್ತುಸಂಗ್ರಹಾಲಯ 2019ರ ಡಿಸೆಂಬರಿನಲ್ಲಿ ಸಿಮೋನನ ಪ್ರಕರಣವನ್ನು ಕುರಿತ ಪ್ರದರ್ಶನ ತೆರೆಯಿತು. ಅಪರಾಧಿಯೊಬ್ಬನನ್ನು ಆವಿಷ್ಕರಿಸಿದ ಬಗೆ ಎಂಬುದು ಅದರ ಶೀರ್ಷಿಕೆಯ ಅರ್ಥ. ಆ ಪ್ರದರ್ಶನ ತೆರೆದ ನಾಲ್ಕು ತಿಂಗಳೊಳಗೆ, 2020ರ ಮಾರ್ಚಿನಲ್ಲಿ, ಇಟಲಿಯ ಚಿತ್ರಕಾರನೊಬ್ಬ ಸಿಮೋನನ 'ಬಲಿದಾನ'ವನ್ನು ಹೊಸದಾಗಿ ಬರೆದು ಸಾರ್ವಜನಿಕರ ಮುಂದಿಟ್ಟ. ಮಗುವನ್ನು ಸುತ್ತುವರಿದು ಯೆಹೂದ್ಯರು ನಿಂತಿರುವ ವಿನ್ಯಾಸ ಅದರಲ್ಲಿಯೂ 1493ರ ಮರದಚ್ಚಿನದೇ.